ಬೆಟ್ಟಿಂಗ್ ಎಕ್ಸ್‌ಚೇಂಜ್‌ನಲ್ಲಿ ಫುಟ್‌ಬಾಲ್ ಪಂದ್ಯಗಳಿಗೆ ಉತ್ತಮ ಆಡ್ಸ್ ಪಡೆಯುವುದು ಹೇಗೆ

ಬುಕ್‌ಮೇಕರ್, ಅಂದರೆ ಪಣ ಸ್ವೀಕರಿಸುವ ವ್ಯಾಪಾರಿಯ ಬಳಿ ಪಣ ಕಟ್ಟುವವರು ಅವನು ಹೇಳಿದ ಆಡ್ಸ್ (ಗೆದ್ದರೆ ಎಷ್ಟು ಮರಳುತ್ತದೆ ಎಂಬ ದರ) ಒಪ್ಪಬೇಕು, ಇಲ್ಲವೇ ಬಿಟ್ಟು ಬರಬೇಕು. ಎಕ್ಸ್‌ಚೇಂಜ್‌ನಲ್ಲಿ ಹಾಗಿಲ್ಲ. ಒಂದು ತಂಡ ಗೆಲ್ಲುತ್ತದೆ ಎಂದು ಹಣ ಹಾಕುವವರೂ ಅದು ಗೆಲ್ಲುವುದಿಲ್ಲ ಎಂದು ಹಣ ಹಾಕುವವರೂ ಅಲ್ಲಿ ನೇರವಾಗಿ ಎದುರಾಗುತ್ತಾರೆ. ಎಕ್ಸ್‌ಚೇಂಜ್ ಇಬ್ಬರನ್ನೂ ಜೋಡಿಸಿ, ಗೆದ್ದವರಿಂದ ಕಮಿಷನ್ ಪಡೆಯುತ್ತದೆ. ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ ಬ್ರಿಟನ್ನಿನಲ್ಲಿ ಕಟ್ಟಿದ ಬೆಟ್‌ಫೇರ್ 2000ದಲ್ಲಿ ಆರಂಭವಾದಂದಿನಿಂದ ಈ ಪದ್ಧತಿ ವ್ಯಾಪಕವಾಗಿ ಬೆಳೆದಿದೆ. ಬೆಟ್‌ಡ್ಯಾಕ್, ಸ್ಮಾರ್ಕೆಟ್ಸ್, ಮ್ಯಾಚ್‌ಬುಕ್ ಮೊದಲಾದವೂ ಇದೇ ಮಾದರಿಯವು. ಇಲ್ಲಿ ಬೆಲೆಯನ್ನು, ಅಂದರೆ ಆಡ್ಸ್ ಅನ್ನು, ನೀವೇ ಕೇಳಬಹುದು ಎಂಬುದೇ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಆದರೂ ಎಕ್ಸ್‌ಚೇಂಜ್‌ಗೆ ಬಂದ ಬಹಳಷ್ಟು ಜನ ಪರದೆಯ ಮೇಲೆ ಕಂಡ ಸಂಖ್ಯೆಯನ್ನೇ ಒತ್ತಿ ಮುಂದೆ ಹೋಗುತ್ತಾರೆ. ಅಂದರೆ ಎಕ್ಸ್‌ಚೇಂಜನ್ನು ಬುಕ್‌ಮೇಕರ್‌ನಂತೆಯೇ ಬಳಸುತ್ತಾರೆ.

ಮುಂದುವರಿಯುವ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಣ ಕಟ್ಟಿ ಆಡುವುದು ಕೆಲವು ದೇಶಗಳಲ್ಲಿ ಪರವಾನಗಿಯೊಂದಿಗೆ ನಡೆಯುತ್ತದೆ, ಇನ್ನು ಕೆಲವು ದೇಶಗಳಲ್ಲಿ ಪೂರ್ಣವಾಗಿ ನಿಷಿದ್ಧ. ನೀವು ಇರುವಲ್ಲಿ ಕಾನೂನು ಅನುಮತಿಸದಿದ್ದರೆ ಇಲ್ಲಿನ ಯಾವ ವಿಧಾನವೂ ನಿಮಗೆ ಅನ್ವಯಿಸುವುದಿಲ್ಲ. ಅನುಮತಿ ಇದ್ದರೂ, ಉತ್ತಮ ಆಡ್ಸ್ ನಷ್ಟದ ವೇಗವನ್ನು ತಗ್ಗಿಸಬಹುದೇ ಹೊರತು ಲಾಭಕ್ಕೆ ಭರವಸೆಯಲ್ಲ. ಕಳೆದುಕೊಂಡರೂ ಮನೆಯ ಖರ್ಚಿಗೆ ಧಕ್ಕೆಯಾಗದಷ್ಟು ಹಣವನ್ನು ಮಾತ್ರ ಇದಕ್ಕೆ ಮೀಸಲಿಡಬೇಕು.

ಪರದೆಯ ಬೆಲೆ ಮತ್ತು ಕೈಗೆ ಬರುವ ಬೆಲೆ

ಎಕ್ಸ್‌ಚೇಂಜ್‌ನಲ್ಲಿ ಆಡ್ಸ್ ದಶಮಾಂಶ ರೂಪದಲ್ಲಿರುತ್ತದೆ. 2.10 ಎಂದರೆ 100 ಹಾಕಿ ಗೆದ್ದವರಿಗೆ ಒಟ್ಟು 210 ಮರಳುತ್ತದೆ, ಅದರಲ್ಲಿ ಲಾಭ 110. ಫಲಿತಾಂಶ ಬರುತ್ತದೆ ಎಂದು ಹಣ ಹಾಕುವುದು ಬ್ಯಾಕ್; ಬರುವುದಿಲ್ಲ ಎಂದು ಹಾಕುವುದು ಲೇ. ಲೇ ಮಾಡಿದವರು ಬುಕ್‌ಮೇಕರ್‌ನ ಜಾಗದಲ್ಲಿ ನಿಂತಂತೆ. ಡ್ರಾ ಫಲಿತಾಂಶವನ್ನು 3.60ಕ್ಕೆ 100ರ ಮಟ್ಟಿಗೆ ಲೇ ಮಾಡಿದರೆ, ಡ್ರಾ ಆಗದಿದ್ದಾಗ ಬರುವುದು 100, ಡ್ರಾ ಆದಾಗ ಕೊಡಬೇಕಾದದ್ದು 260. ಲೇ ಮಾಡುವ ಮುನ್ನ ಈ ಎರಡನೆಯ ಸಂಖ್ಯೆಯನ್ನು ನೋಡುವ ಅಭ್ಯಾಸ ಕಡ್ಡಾಯವಾಗಿ ಇರಬೇಕು.

ಕಮಿಷನ್ ಕಳೆದ ಮೇಲೆ ಉಳಿಯುವುದೇ ನಿಜವಾದ ಆಡ್ಸ್. ಅದನ್ನು ಲೆಕ್ಕ ಹಾಕುವುದು ಸುಲಭ: ಆಡ್ಸ್‌ನಿಂದ 1 ಕಳೆದು, ಉಳಿದದ್ದರಲ್ಲಿ ಕಮಿಷನ್ ತೆಗೆದು, ಮತ್ತೆ 1 ಕೂಡಿಸಬೇಕು. 2.10ರ ಮೇಲೆ ಶೇ. 5 ಕಮಿಷನ್ ಇದ್ದರೆ ಕೈಗೆ ಬರುವುದು 2.045, ಶೇ. 2 ಇದ್ದರೆ 2.078. ಹಾಗಾಗಿ ಒಬ್ಬ ಬುಕ್‌ಮೇಕರ್ 2.05 ಕೊಡುತ್ತಿದ್ದಾನೆ ಎನ್ನಿ: ಶೇ. 5 ಕಮಿಷನ್‌ನ ಎಕ್ಸ್‌ಚೇಂಜ್‌ನಲ್ಲಿ ಕಾಣುವ 2.10 ನೋಡಲು ದೊಡ್ಡದಾದರೂ ವಾಸ್ತವದಲ್ಲಿ ಅವನಿಗಿಂತ ಕೊಂಚ ಕಡಿಮೆ, ಶೇ. 2 ಕಮಿಷನ್‌ನಲ್ಲಿ ಅದೇ ಸಂಖ್ಯೆ ಅವನಿಗಿಂತ ಹೆಚ್ಚು. ಎರಡು ಎಕ್ಸ್‌ಚೇಂಜ್‌ಗಳನ್ನು ಹೋಲಿಸುವಾಗಲೂ ಇದೇ ಲೆಕ್ಕ ಬೇಕು. ಕಮಿಷನ್ ದರ ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಮಾತ್ರವಲ್ಲ, ಒಂದೇ ಕಡೆ ಖಾತೆದಾರರು ಆರಿಸಿಕೊಳ್ಳುವ ಯೋಜನೆಗೆ ತಕ್ಕಂತೆಯೂ ಬದಲಾಗುವುದುಂಟು. ಆದ್ದರಿಂದ ನಿಮ್ಮ ಖಾತೆಗೆ ಅನ್ವಯಿಸುವ ದರವನ್ನು ಖಚಿತಪಡಿಸಿಕೊಂಡು, ಅದಕ್ಕಿಂತ ಕಡಿಮೆ ದರದ ಯೋಜನೆ ಲಭ್ಯವಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಬುಕ್‌ಮೇಕರ್‌ಗೂ ಎಕ್ಸ್‌ಚೇಂಜ್‌ಗೂ ಇರುವ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. ಆತಿಥೇಯರ ಗೆಲುವಿಗೆ 2.00, ಡ್ರಾಗೆ 3.40, ಎದುರಾಳಿಗಳ ಗೆಲುವಿಗೆ 3.80 ಎಂದು ಬುಕ್‌ಮೇಕರ್ ಕೊಟ್ಟರೆ, ಪ್ರತಿಯೊಂದು ಆಡ್ಸ್‌ನಿಂದ 100ನ್ನು ಭಾಗಿಸಿ ಕೂಡಿಸಿದಾಗ ಸುಮಾರು 105.7 ಬರುತ್ತದೆ. ನೂರಕ್ಕಿಂತ ಹೆಚ್ಚಿರುವ ಆ 5.7 ಅವನ ಮಾರ್ಜಿನ್, ಅಂದರೆ ಅವನು ಇಟ್ಟುಕೊಂಡ ಲಾಭದ ಅಂಚು. ಅದೇ ಪಂದ್ಯಕ್ಕೆ ಎಕ್ಸ್‌ಚೇಂಜ್‌ನಲ್ಲಿ 2.08, 3.55, 4.00 ಇದ್ದರೆ ಮೊತ್ತ ಸುಮಾರು 101.2. ಶೇ. 5 ಕಮಿಷನ್ ಕಳೆದ ಮೇಲೆ ಈ ಮೂರೂ 2.026, 3.42, 3.85 ಆಗುತ್ತವೆ. ಅಂದರೆ ಕಮಿಷನ್ ಹೆಚ್ಚಿನ ಅನುಕೂಲವನ್ನು ತಿಂದುಹಾಕುತ್ತದೆ, ಉಳಿಯುವುದು ಅಲ್ಪ. ಆ ಅಲ್ಪವನ್ನು ಹಿಗ್ಗಿಸುವುದೇ ಈ ಬರಹದ ಉಳಿದ ಭಾಗದ ವಿಷಯ.

ಕಂಡದ್ದನ್ನು ಒತ್ತದೆ, ಬೇಕಾದದ್ದನ್ನು ಕೇಳುವುದು

ಪರದೆಯ ಮೇಲೆ ಪ್ರತಿ ತಂಡದ ಮುಂದೆ ಎರಡು ಬದಿಯ ಬೆಲೆಗಳಿರುತ್ತವೆ. ಪ್ರತಿ ಬೆಲೆಯ ಕೆಳಗೆ ಅಲ್ಲಿ ಎಷ್ಟು ಹಣ ಕಾಯುತ್ತಿದೆ ಎಂಬುದೂ ಇರುತ್ತದೆ. ಒಂದು ತಂಡಕ್ಕೆ ಬ್ಯಾಕ್ ಬದಿಯಲ್ಲಿ 2.04, ಲೇ ಬದಿಯಲ್ಲಿ 2.10 ಇದೆ ಎಂದುಕೊಳ್ಳಿ. 2.04 ಒತ್ತಿದರೆ ತಕ್ಷಣ ಪಣ ಮ್ಯಾಚ್ ಆಗುತ್ತದೆ, ಅಂದರೆ ಎದುರು ಬದಿಯವರ ಹಣದೊಂದಿಗೆ ಜೋಡಿಯಾಗುತ್ತದೆ. ಅದರ ಬದಲು 2.08 ಎಂದು ಟೈಪ್ ಮಾಡಿ ಕಳಿಸಿದರೆ, ಆ ಬೇಡಿಕೆ ಲೇ ಬದಿಯಲ್ಲಿ 2.08 ಎಂದು ಉಳಿದವರಿಗೆ ಕಾಣುತ್ತದೆ, ಮತ್ತು ಆ ತಂಡವನ್ನು ಲೇ ಮಾಡಬಯಸುವವರಿಗೆ ಈಗ ಸಿಗುವ ಅತಿ ಕಡಿಮೆ ಬೆಲೆ ಅದೇ ಆಗಿರುತ್ತದೆ. ಅವರಲ್ಲಿ ಒಬ್ಬರು ಒಪ್ಪಿದರೆ ನಿಮಗೆ 2.04ರ ಬದಲು 2.08 ಸಿಕ್ಕಿತು. ಕಮಿಷನ್ ಲೆಕ್ಕಿಸದೆ ನೋಡಿದರೆ, 2.04ರಲ್ಲಿ ನಷ್ಟವಾಗದಿರಲು ನೂರರಲ್ಲಿ ಸುಮಾರು 49 ಸಲ ಗೆಲ್ಲಬೇಕಿತ್ತು, 2.08ರಲ್ಲಿ 48 ಸಲ ಸಾಕು. ನೋಡಲು ಸಣ್ಣ ಅಂತರ, ಆದರೆ ಕಮಿಷನ್ ತಿಂದ ಅನುಕೂಲದ ದೊಡ್ಡ ಪಾಲು ಇಲ್ಲೇ ಮರಳಿ ಬರುತ್ತದೆ.

ಒಂದೇ ಬೆಲೆಯಲ್ಲಿ ಹಲವರು ಕಾಯುತ್ತಿದ್ದರೆ ಮೊದಲು ಬಂದವರಿಗೆ ಮೊದಲ ಸರದಿ. 2.10ರಲ್ಲಿ ಈಗಾಗಲೇ ದೊಡ್ಡ ಮೊತ್ತ ಸಾಲಿನಲ್ಲಿದ್ದರೆ ಅದರ ಹಿಂದೆ ನಿಲ್ಲುವುದಕ್ಕಿಂತ ಒಂದು ಮೆಟ್ಟಿಲು ಕೆಳಗೆ, 2.08ರಲ್ಲಿ, ಸಾಲಿನ ಮುಂಭಾಗದಲ್ಲಿರುವುದು ಬಹುಪಾಲು ಸಂದರ್ಭಗಳಲ್ಲಿ ಮೇಲು. ಬೇಡಿಕೆಯ ಬೆಲೆಯನ್ನು ಬದಲಿಸಿದರೆ ಸರದಿ ಕಳೆದುಹೋಗುತ್ತದೆ ಎಂಬುದನ್ನೂ ನೆನಪಿಡಬೇಕು. ಸಾಲಿನಲ್ಲಿ ಕಾಣುವ ದೊಡ್ಡ ಮೊತ್ತಗಳನ್ನೆಲ್ಲ ನಂಬಬೇಕಾಗಿಯೂ ಇಲ್ಲ. ಹಾಕಿದವರು ಅದನ್ನು ಯಾವ ಕ್ಷಣದಲ್ಲಾದರೂ ಹಿಂತೆಗೆಯಬಹುದು, ಕೆಲವರು ಉಳಿದವರನ್ನು ಬೆದರಿಸಲೆಂದೇ ಹಾಕಿ ತೆಗೆಯುತ್ತಾರೆ.

ಇನ್ನೊಂದು ಅಂಶ ಹೊಸಬರಿಗೆ ಗೊತ್ತಿರುವುದಿಲ್ಲ. ಲಭ್ಯವಿರುವ ಬೆಲೆಗಿಂತ ಕಡಿಮೆ ಕೇಳಿದರೂ ಎಕ್ಸ್‌ಚೇಂಜ್ ನಿಮಗೆ ಆ ಕ್ಷಣದ ಅತ್ಯುತ್ತಮ ಬೆಲೆಯನ್ನೇ ಕೊಡುತ್ತದೆ. 2.04 ಲಭ್ಯವಿರುವಾಗ 2.00 ಎಂದು ನಮೂದಿಸಿದರೆ 2.04ರಲ್ಲಿರುವ ಹಣ ಮೊದಲು ಮ್ಯಾಚ್ ಆಗಿ, ಅದು ಸಾಲದಿದ್ದರೆ ಮಾತ್ರ ಕೆಳಗಿನ ಬೆಲೆಗಳಿಗೆ ಇಳಿಯುತ್ತದೆ. ಬೆಲೆ ವೇಗವಾಗಿ ಜಾರುತ್ತಿರುವಾಗ ಪಣ ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳಲು ಇದು ನೆರವಾಗುತ್ತದೆ.

ಎಷ್ಟು ಮೆಟ್ಟಿಲು ಕಾಯಬೇಕು ಎಂಬುದು ಬೆಲೆಯ ಎತ್ತರವನ್ನು ಅವಲಂಬಿಸಿದೆ. ಬೆಟ್‌ಫೇರ್‌ನಲ್ಲಿ 2ರವರೆಗೆ ಆಡ್ಸ್ 0.01ರಂತೆ, 2ರಿಂದ 3ರವರೆಗೆ 0.02ರಂತೆ, 3ರಿಂದ 4ರವರೆಗೆ 0.05ರಂತೆ, 4ರಿಂದ 6ರವರೆಗೆ 0.1ರಂತೆ, 6ರಿಂದ 10ರವರೆಗೆ 0.2ರಂತೆ, 10ರಿಂದ 20ರವರೆಗೆ 0.5ರಂತೆ ಏರುತ್ತದೆ. ಈ ಒಂದೊಂದು ಮೆಟ್ಟಿಲನ್ನೂ ಟಿಕ್ ಎನ್ನುತ್ತಾರೆ. 1.50ರ ಬಳಿ ಒಂದು ಟಿಕ್ ಎಂದರೆ ಲಾಭದ ಶೇ. 2, 6.00ರಿಂದ 6.20ಕ್ಕೆ ಹೋದರೆ ಶೇ. 4, 1.10ರಿಂದ 1.11ಕ್ಕೆ ಹೋದರೆ ಶೇ. 10. ಆದ್ದರಿಂದ ಅತಿ ಕಡಿಮೆ ಆಡ್ಸ್‌ನ ಬಲಿಷ್ಠ ತಂಡಗಳ ವಿಷಯದಲ್ಲಿಯೂ ನಿಖರ ಸ್ಕೋರ್‌ನಂತಹ ಎತ್ತರದ ಆಡ್ಸ್‌ಗಳಲ್ಲಿಯೂ ಒಂದು ಟಿಕ್‌ಗಾಗಿ ಕಾಯುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಈ ಎರಡು ತುದಿಗಳಲ್ಲಿ ಪರದೆಯ ಬೆಲೆಯನ್ನು ಯೋಚಿಸದೆ ಒತ್ತುವುದು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಆಟಗಾರರು ಮಾಡುವ ಅತ್ಯಂತ ದುಬಾರಿ ತಪ್ಪು.

ಕಾಯುವುದಕ್ಕೂ ಬೆಲೆಯಿದೆ

ಬೇಡಿಕೆ ಇಟ್ಟು ಕಾಯುವುದು ಯಾವಾಗಲೂ ಲಾಭವೇ ಎಂದು ತಿಳಿಯಬಾರದು. ನೀವು 2.08 ಕೇಳಿ ಕಾಯುತ್ತಿರುವಾಗ ಆ ತಂಡಕ್ಕೆ ಒಳ್ಳೆಯ ಸುದ್ದಿ ಬಂದರೆ ಬೆಲೆ 1.95ಕ್ಕೆ ಇಳಿಯುತ್ತದೆ, ನಿಮ್ಮ ಬೇಡಿಕೆ ಅಲ್ಲೇ ಉಳಿಯುತ್ತದೆ. ಕೆಟ್ಟ ಸುದ್ದಿ ಬಂದು ತಂಡದ ಮುಖ್ಯ ಸ್ಟ್ರೈಕರ್ ಆಡುವುದಿಲ್ಲವೆಂದಾದರೆ ಬೆಲೆ 2.30ರತ್ತ ಏರತೊಡಗುತ್ತದೆ, ಏರುವ ದಾರಿಯಲ್ಲಿ ನಿಮ್ಮ 2.08 ತಟ್ಟನೆ ಮ್ಯಾಚ್ ಆಗುತ್ತದೆ. ಅಂದರೆ ಬೇಡಿಕೆ ನಿಮಗೆ ಬೇಕಾದಾಗ ಕೈಗೂಡುವುದಿಲ್ಲ, ಬೇಡದಿದ್ದಾಗ ಕೈಗೂಡುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಬೆಲೆ ಕೇಳುವವರೆಲ್ಲರೂ ಈ ಅಪಾಯವನ್ನು ಹೊತ್ತಿರುತ್ತಾರೆ. ಅದನ್ನು ಪೂರ್ಣವಾಗಿ ನಿವಾರಿಸಲಾಗದಿದ್ದರೂ ಕಡಿಮೆ ಮಾಡಬಹುದು.

ಅದಕ್ಕೆ ಮೊದಲ ಉಪಾಯ ಸಮಯದ ಅರಿವು. ದೊಡ್ಡ ಲೀಗ್‌ಗಳಲ್ಲಿ ಆಡುವ ಹನ್ನೊಂದು ಮಂದಿಯ ಪಟ್ಟಿ ಪಂದ್ಯಕ್ಕೆ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಮೊದಲು ಹೊರಬೀಳುತ್ತದೆ. ಆ ಕ್ಷಣಕ್ಕಿಂತ ಸ್ವಲ್ಪ ಮೊದಲು ಮ್ಯಾಚ್ ಆಗದ ಬೇಡಿಕೆಗಳನ್ನೆಲ್ಲ ರದ್ದುಮಾಡಿ, ಪಟ್ಟಿಯನ್ನು ನೋಡಿ, ಬೆಲೆ ನೆಲೆಗೊಂಡ ಮೇಲೆ ಹೊಸದಾಗಿ ಇಡುವುದು ಸರಿಯಾದ ಕ್ರಮ. ವಾರದ ಮೊದಲ ದಿನಗಳಲ್ಲಿ ಮಾರುಕಟ್ಟೆ ತೆಳುವಾಗಿರುತ್ತದೆ. ಬ್ಯಾಕ್ ಮತ್ತು ಲೇ ಬೆಲೆಗಳ ನಡುವಿನ ಸ್ಪ್ರೆಡ್ ಅಗಲವಾಗಿದ್ದು ಎತ್ತರದ ಬೆಲೆ ಕೇಳಲು ಜಾಗವಿರುತ್ತದೆ, ಆದರೆ ಒಪ್ಪುವವರು ಕಡಿಮೆ. ಪಂದ್ಯಕ್ಕೆ ಮುಂಚಿನ ಕೊನೆಯ ಗಂಟೆಯಲ್ಲಿ ಹಣ ಹರಿದುಬಂದು, ದೊಡ್ಡ ಪಂದ್ಯಗಳಲ್ಲಿ ಸ್ಪ್ರೆಡ್ ಒಂದೇ ಟಿಕ್‌ಗೆ ಇಳಿಯುತ್ತದೆ. ಆಗ ಒಂದು ಟಿಕ್ ಮೇಲೆ ಕೇಳಿದ ಬೇಡಿಕೆಗಳು ಸುಲಭವಾಗಿ ಮ್ಯಾಚ್ ಆಗುತ್ತವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಯೂರೋಪಿನ ಚಾಂಪಿಯನ್ಸ್ ಲೀಗ್‌ಗಳಲ್ಲಿ ಈ ಗಂಟೆಯೇ ಪ್ರಶಸ್ತ. ಕೆಳ ದರ್ಜೆಯ ಲೀಗ್‌ಗಳಲ್ಲಿ ಆ ಮಟ್ಟದ ಹಣ ಬರುವುದೇ ಇಲ್ಲ. ಅಲ್ಲಿ ಸ್ಪ್ರೆಡ್‌ನ ಮಧ್ಯದಲ್ಲಿ ಬೆಲೆ ಇಟ್ಟು ತಾಳ್ಮೆಯಿಂದಿರಬೇಕು, ಸಿಗದಿದ್ದರೆ ಬುಕ್‌ಮೇಕರ್‌ನ ಬೆಲೆಯನ್ನು ಒಮ್ಮೆ ನೋಡಬೇಕು.

ಎರಡನೆಯ ಉಪಾಯ ಪಣವನ್ನು ಒಡೆಯುವುದು. ಪಣ ಕಟ್ಟಲೇಬೇಕು ಎಂದು ನಿರ್ಧರಿಸಿದ್ದರೆ ಅರ್ಧವನ್ನು ಲಭ್ಯ ಬೆಲೆಗೆ ತೆಗೆದುಕೊಂಡು ಇನ್ನರ್ಧಕ್ಕೆ ಒಂದೆರಡು ಟಿಕ್ ಹೆಚ್ಚು ಕೇಳಬಹುದು. ಬೆಲೆ ಇಳಿದರೆ ಅರ್ಧವಾದರೂ ಕೈಯಲ್ಲಿರುತ್ತದೆ.

ಪಂದ್ಯ ಆರಂಭವಾಗುವಾಗ ಏನಾಗುತ್ತದೆ ಎಂಬುದನ್ನು ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು. ಸಾಮಾನ್ಯವಾಗಿ ಮ್ಯಾಚ್ ಆಗದ ಬೇಡಿಕೆಗಳು ಪಂದ್ಯ ಶುರುವಾದಾಗ ರದ್ದಾಗುತ್ತವೆ. ಉಳಿಸಿಕೊಳ್ಳುವ ಆಯ್ಕೆಯನ್ನು ಗುರುತು ಹಾಕಿದರೆ ಮಾತ್ರ ಆಟದೊಳಗೂ ಮುಂದುವರಿಯುತ್ತವೆ. ಆ ಗುರುತನ್ನು ಹಾಕದಿರುವುದೇ ಕ್ಷೇಮ. ಆಟ ನಡೆಯುವಾಗ ಬರುವ ಪ್ರತಿ ಪಣವನ್ನು ಎಕ್ಸ್‌ಚೇಂಜ್ ಕೆಲವು ಸೆಕೆಂಡು ತಡೆದು ಒಪ್ಪಿಕೊಳ್ಳುತ್ತದೆ, ಗೋಲು, ಪೆನಾಲ್ಟಿ, ಕೆಂಪು ಕಾರ್ಡ್ ಬಂದಾಗ ಮಾರುಕಟ್ಟೆಯನ್ನು ಸ್ಥಗಿತಗೊಳಿಸುತ್ತದೆ. ಆದರೆ ಟಿವಿ ಮತ್ತು ಇಂಟರ್ನೆಟ್ ಪ್ರಸಾರಗಳು ಮೈದಾನಕ್ಕಿಂತ ಹಲವು ಸೆಕೆಂಡು ಹಿಂದಿರುತ್ತವೆ, ಕ್ರೀಡಾಂಗಣದಲ್ಲಿ ಕೂತವರಿಗೂ ವೇಗದ ಮಾಹಿತಿ ಪಡೆಯುವವರಿಗೂ ಆ ಹಿಂಬೀಳುವಿಕೆ ಇಲ್ಲ. ನೀವು ಇಟ್ಟು ಮರೆತ ಬೇಡಿಕೆಯನ್ನು ಅವರು ಅಪಾಯಕಾರಿ ದಾಳಿ ಕಂಡ ಕೂಡಲೇ ಎತ್ತಿಕೊಳ್ಳುತ್ತಾರೆ. ಆಟದೊಳಗೆ ಬೆಲೆ ಕೇಳಿ ಕಾಯುವುದು ನಿಮ್ಮ ಬಳಿ ಅವರಷ್ಟೇ ವೇಗದ ಕಣ್ಣಿದ್ದರೆ ಮಾತ್ರ ಸಲ್ಲುತ್ತದೆ.

ಒಂದೇ ಫಲಿತಾಂಶಕ್ಕೆ ಹಲವು ಬಾಗಿಲು

ಫುಟ್‌ಬಾಲ್‌ನಲ್ಲಿ ಒಂದೇ ಅಭಿಪ್ರಾಯವನ್ನು ಬೇರೆ ಬೇರೆ ಮಾರುಕಟ್ಟೆಗಳಲ್ಲಿ, ಅಂದರೆ ಬೇರೆ ಬೇರೆ ಬಗೆಯ ಪಣಗಳಲ್ಲಿ, ವ್ಯಕ್ತಪಡಿಸಬಹುದು, ಅವುಗಳ ಬೆಲೆ ಯಾವಾಗಲೂ ಒಂದೇ ಆಗಿರುವುದಿಲ್ಲ. ಈ ಹೋಲಿಕೆಯನ್ನು ಮಾಡುವವರು ಕಡಿಮೆ. ಶ್ರಮಕ್ಕೆ ತಕ್ಕ ಪ್ರತಿಫಲ ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅತಿ ಸರಳವಾದದ್ದು ಗೋಲಿಲ್ಲದ ಪಂದ್ಯ. ನಿಖರ ಸ್ಕೋರ್ ಮಾರುಕಟ್ಟೆಯ 0-0 ಮತ್ತು ಗೋಲುಗಳ ಮಾರುಕಟ್ಟೆಯ 0.5ಕ್ಕಿಂತ ಕಡಿಮೆ, ಇವೆರಡೂ ಒಂದೇ. ಒಂದರಲ್ಲಿ 11, ಇನ್ನೊಂದರಲ್ಲಿ 11.5 ಇರುವುದು ಅಪರೂಪವೇನಲ್ಲ. ಹಾಗೆಯೇ, ತಂಡದ ಸ್ಕೋರ್‌ಗೆ ಗೋಲು ಕೂಡಿಸಿ ಅಥವಾ ಕಳೆದು ಫಲಿತಾಂಶ ನೋಡುವ ಏಷ್ಯನ್ ಹ್ಯಾಂಡಿಕ್ಯಾಪ್‌ನಲ್ಲಿ ಒಂದು ತಂಡಕ್ಕೆ -0.5 ಎಂದರೆ ಆ ತಂಡದ ನೇರ ಗೆಲುವು, ಎದುರಾಳಿಗೆ +0.5 ಎಂದರೆ ಆ ತಂಡವನ್ನು ಲೇ ಮಾಡಿದಂತೆ. ಆತಿಥೇಯರು ಸೋಲುವುದಿಲ್ಲ ಎಂದು ನಂಬಿದವರು ಡಬಲ್ ಚಾನ್ಸ್ (ಮೂರರಲ್ಲಿ ಎರಡು ಫಲಿತಾಂಶಗಳಿಗೆ ಒಂದೇ ಪಣ) ಮಾರುಕಟ್ಟೆಯನ್ನು ಹುಡುಕುವ ಬದಲು ಎದುರಾಳಿಯನ್ನು ಲೇ ಮಾಡಬಹುದು. 4.10ಕ್ಕೆ ಲೇ ಮಾಡುವುದೆಂದರೆ 310ನ್ನು ಒತ್ತೆಯಿಟ್ಟು 100 ಗೆಲ್ಲುವುದು, ಅಂದರೆ ಸುಮಾರು 1.32ರ ಬ್ಯಾಕ್. ಸಾಮಾನ್ಯ ಸೂತ್ರ ಇಷ್ಟೇ: ಲೇ ಆಡ್ಸ್ ಅನ್ನು ಅದಕ್ಕಿಂತ ಒಂದು ಕಡಿಮೆಯಿಂದ ಭಾಗಿಸಿದರೆ ವಿರುದ್ಧ ಫಲಿತಾಂಶದ ಬ್ಯಾಕ್ ಆಡ್ಸ್ ಸಿಗುತ್ತದೆ.

ಎರಡೇ ಫಲಿತಾಂಶವಿರುವ ಮಾರುಕಟ್ಟೆಯಲ್ಲೂ ಈ ಸೂತ್ರಕ್ಕೆ ಉಪಯೋಗವಿದೆ, ಅದಕ್ಕೆ ಕಾರಣ ಟಿಕ್‌ಗಳ ಅಳತೆ. 2.5ಕ್ಕಿಂತ ಕಡಿಮೆ ಗೋಲುಗಳಿಗೆ ಬ್ಯಾಕ್ 2.04 ಕಾಣುತ್ತಿದೆ, 2.5ಕ್ಕಿಂತ ಹೆಚ್ಚು ಗೋಲುಗಳಿಗೆ ಲೇ 1.95 ಕಾಣುತ್ತಿದೆ ಎನ್ನಿ. 1.95ಕ್ಕೆ ಲೇ ಎಂದರೆ ವಿರುದ್ಧ ಬದಿಗೆ ಸುಮಾರು 2.053. 2ರ ಮೇಲೆ ಮೆಟ್ಟಿಲುಗಳು 0.02ರಂತೆ ಇರುವುದರಿಂದ 2.05 ಎಂಬ ಬೆಲೆಯೇ ಅಲ್ಲಿಲ್ಲ. 2ರ ಕೆಳಗಿನ ಬದಿಯಿಂದ ಹೋದವರಿಗೆ ಮಾತ್ರ ಅದು ಸಿಗುತ್ತದೆ. 100ನ್ನು ಒತ್ತೆಯಿಟ್ಟವರಿಗೆ 104ರ ಬದಲು ಸುಮಾರು 105.26 ಲಾಭ.

ಡ್ರಾ ಆದರೆ ಹಣ ವಾಪಸ್ ಎಂಬ ಪಣವನ್ನೂ ಕೈಯಿಂದಲೇ ಕಟ್ಟಬಹುದು. ಆತಿಥೇಯರಿಗೆ 2.08, ಡ್ರಾಗೆ 3.55 ಇದ್ದಾಗ 100ರಲ್ಲಿ 28.17ನ್ನು ಡ್ರಾ ಮೇಲೆ, ಉಳಿದ 71.83ನ್ನು ಆತಿಥೇಯರ ಮೇಲೆ ಹಾಕಿದರೆ, ಡ್ರಾ ಆದಾಗ 100 ಮರಳುತ್ತದೆ, ಗೆದ್ದಾಗ ಸುಮಾರು 149.4 ಬರುತ್ತದೆ. ಅಂದರೆ 1.49ರ ಆಡ್ಸ್. ಇದಕ್ಕೆಂದೇ ಇರುವ ಪ್ರತ್ಯೇಕ ಮಾರುಕಟ್ಟೆಯಲ್ಲಿ ಹಣ ಕಡಿಮೆಯಿದ್ದು 1.46 ಮಾತ್ರ ಸಿಗುತ್ತಿದ್ದರೆ ಮುಖ್ಯ ಮಾರುಕಟ್ಟೆಯ ಜೋಡಣೆಯೇ ಲೇಸು.

ಇಂತಹ ಜೋಡಣೆಗಳಲ್ಲಿ ಒಂದು ನಿಯಮವನ್ನು ಮರೆಯಬಾರದು. ಕಮಿಷನ್ ಲೆಕ್ಕವಾಗುವುದು ಒಂದೊಂದು ಮಾರುಕಟ್ಟೆಯ ನಿವ್ವಳ ಲಾಭದ ಮೇಲೆ. ಮೇಲಿನ ಎರಡು ಪಣಗಳೂ ಒಂದೇ ಮಾರುಕಟ್ಟೆಯಲ್ಲಿರುವುದರಿಂದ ಡ್ರಾ ಆದಾಗ ನಿವ್ವಳ ಲಾಭ ಸೊನ್ನೆ, ಕಮಿಷನ್ನೂ ಸೊನ್ನೆ. ಅದರ ಬದಲು ಒಂದು ಮಾರುಕಟ್ಟೆಯಲ್ಲಿ 100 ಗೆದ್ದು ಇನ್ನೊಂದರಲ್ಲಿ 100 ಸೋತರೆ, ನಿಮ್ಮ ಲೆಕ್ಕದಲ್ಲಿ ಸಮವಾದರೂ ಗೆದ್ದ ಕಡೆ ಶೇ. 5ರಂತೆ 5 ಕಡಿತವಾಗುತ್ತದೆ, ಸೋತ ಕಡೆ ಏನೂ ಮರಳುವುದಿಲ್ಲ. ಎರಡು ಎಕ್ಸ್‌ಚೇಂಜ್‌ಗಳ ನಡುವೆ ಪಣ ಹಂಚಿದಾಗಲೂ ಇದೇ ನಷ್ಟ.

ಪಣದಿಂದ ಅರ್ಧದಲ್ಲೇ ಹೊರಬರಲು ಕ್ಯಾಶ್‌ಔಟ್ ಗುಂಡಿ ಒತ್ತುವವರು ಆ ಕ್ಷಣಕ್ಕೆ ಲಭ್ಯವಿರುವ ಬೆಲೆಗೇ ಹೊರಬರುತ್ತಾರೆ. ಅದನ್ನೇ ಕೈಯಾರೆ ಮಾಡಬಹುದು. 2.20ಕ್ಕೆ 100 ಬ್ಯಾಕ್ ಮಾಡಿದ್ದು ಈಗ 2.00 ಆಗಿದ್ದರೆ, 100ನ್ನು 2.20ರಿಂದ ಗುಣಿಸಿ 2.00ರಿಂದ ಭಾಗಿಸಿದಾಗ ಬರುವ 110ನ್ನು ಲೇ ಮಾಡಿದರೆ ಯಾವ ಫಲಿತಾಂಶ ಬಂದರೂ ಕಮಿಷನ್‌ಗೆ ಮೊದಲು 10 ಉಳಿಯುತ್ತದೆ. ಪಂದ್ಯ ಇನ್ನೂ ಆರಂಭವಾಗದಿದ್ದರೆ ಈ ಲೇ ಪಣವನ್ನೂ ಒಂದು ಟಿಕ್ ಕೆಳಗೆ, 1.99ಕ್ಕೆ, ಕೇಳಿ ನೋಡಬಹುದು.

ಫಲ ಸಿಗುತ್ತಿದೆಯೇ ಎಂದು ಅಳೆಯುವುದು

ಗೆಲುವು ಸೋಲುಗಳಿಂದ ಇದನ್ನು ಅಳೆಯಲಾಗದು. ಕೆಲವು ಹತ್ತು ಪಣಗಳಲ್ಲಿ ಅದೃಷ್ಟದ ಪಾಲೇ ದೊಡ್ಡದು. ನಂಬಬಹುದಾದ ಅಳತೆಗೋಲು ಪಂದ್ಯ ಶುರುವಾಗುವ ಕ್ಷಣದ ಬೆಲೆ. ಆ ಹೊತ್ತಿಗೆ ಎಲ್ಲ ಸುದ್ದಿಯೂ ಅತಿ ಹೆಚ್ಚು ಹಣವೂ ಮಾರುಕಟ್ಟೆಗೆ ಬಂದಿರುವುದರಿಂದ ದೊಡ್ಡ ಪಂದ್ಯಗಳಲ್ಲಿ ಅದಕ್ಕಿಂತ ನಿಖರವಾದ ಅಂದಾಜು ಸಿಗುವುದು ಕಷ್ಟ. ಪ್ರತಿ ಪಣಕ್ಕೂ ನೀವು ಕೇಳಿದ ಬೆಲೆ, ಸಿಕ್ಕ ಬೆಲೆ, ಕೇಳಿದ ಹೊತ್ತಿನಲ್ಲಿ ಪರದೆಯ ಮೇಲಿದ್ದ ಬೆಲೆ ಮತ್ತು ಆರಂಭದ ಕ್ಷಣದ ಬೆಲೆ, ಈ ನಾಲ್ಕನ್ನೂ ಬರೆದಿಡಬೇಕು. ಮ್ಯಾಚ್ ಆಗದ ಬೇಡಿಕೆಗಳನ್ನೂ ಬರೆದಿಡಬೇಕು, ಏಕೆಂದರೆ ಕಾಯುವುದರ ವೆಚ್ಚ ಅಡಗಿರುವುದು ಅವುಗಳಲ್ಲೇ. 2.08ಕ್ಕೆ ಪಡೆದದ್ದು ಆರಂಭದಲ್ಲಿ 1.98 ಆಗಿದ್ದರೆ ನಿಮಗೆ ಸುಮಾರು ಶೇ. 5 ಉತ್ತಮ ಬೆಲೆ ಸಿಕ್ಕಿದೆ, ಶೇ. 5 ಕಮಿಷನ್ ಕಳೆದರೂ 2.026 ಉಳಿಯುತ್ತದೆ, ಅದು 1.98ಕ್ಕಿಂತ ಮೇಲೆಯೇ ಇದೆ. ಬಹುಕಾಲದ ಸರಾಸರಿಯಲ್ಲಿ ಕಮಿಷನ್ ಕಳೆದ ನಿಮ್ಮ ಬೆಲೆ ಆರಂಭದ ಬೆಲೆಗಿಂತ ಕೆಳಗಿದ್ದರೆ, ಎಷ್ಟೇ ಟಿಕ್ ಉಳಿಸಿದರೂ ನೀವು ಸೋಲುವ ಬದಿಯಲ್ಲಿದ್ದೀರಿ. ಆಗ ಪಣದ ಮೊತ್ತವನ್ನು ಇಳಿಸಬೇಕು ಅಥವಾ ನಿಲ್ಲಿಸಬೇಕು.

ಎಕ್ಸ್‌ಚೇಂಜ್‌ಗಳು ಗೆಲ್ಲುವವರ ಪಣಕ್ಕೆ ಬುಕ್‌ಮೇಕರ್‌ಗಳಂತೆ ಮಿತಿ ಹೇರುವುದು ವಿರಳ, ಆದರೆ ಶುಲ್ಕದ ನಿಯಮಗಳು ಬದಲಾಗುತ್ತವೆ. ಬೆಟ್‌ಫೇರ್ 2008ರಲ್ಲಿ ಸತತವಾಗಿ ಹೆಚ್ಚು ಲಾಭ ಮಾಡುವ ಖಾತೆಗಳ ಮೇಲೆ ಪ್ರೀಮಿಯಂ ಚಾರ್ಜ್ ಎಂಬ ಹೆಚ್ಚುವರಿ ಶುಲ್ಕ ತಂದಿತು. ಆದ್ದರಿಂದ ಪ್ರತಿ ಫುಟ್‌ಬಾಲ್ ಋತುವಿನ ಆರಂಭದಲ್ಲಿ ನಿಮ್ಮ ಎಕ್ಸ್‌ಚೇಂಜ್‌ನ ಶುಲ್ಕದ ಪುಟವನ್ನು ಪೂರ್ತಿಯಾಗಿ ಓದಿ, ಮೇಲಿನ ಲೆಕ್ಕಗಳನ್ನೆಲ್ಲ ಹೊಸ ದರಕ್ಕೆ ಸರಿಹೊಂದಿಸಿಕೊಳ್ಳಬೇಕು.